ತಕ್ಕಡಿ ಸಾಹೇಬರ ಮನೆಯ ಸೊಪ್ಪು ಕಳುವಾದದ್ದು

ತಕ್ಕಡಿ ಸಾಹೇಬರ ಹೆಂಡತಿ ಜಾರಿ ಬಿದ್ದದ್ದು ಒಂದು ಪಾಲಕ್ ಎಲೆಯ ಮೇಲೆ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬಿದ್ದವರನ್ನು ಲೋಕ ಕಂಡಿದೆ. ಸೋಪಿನ ನೀರಿನಲ್ಲಿ ಬಿದ್ದವರಿಗೂ ಕೊರತೆಯಿಲ್ಲ. ಆದರೆ ಅಂಗೈಯಗಲದ ಒಂದು ಹಸಿ ಎಲೆ, ಅದೂ ತನ್ನದೇ ಚೀಲದಿಂದ ಉದುರಿದ್ದು, ಒಬ್ಬ ತೂಕದ ಹೆಂಗಸನ್ನು ಹಿಂಬಾಗಿಲ ಮೆಟ್ಟಿಲಿನಿಂದ ಅಂಗಳಕ್ಕೆ ಇಳಿಸಿ ಕಣಕಾಲಿನ ಮೂಳೆಯಲ್ಲಿ ಬಿರುಕು ಮೂಡಿಸಿತೆಂದರೆ, ಆ ಎಲೆಗೆ ಏನೋ ಮುಂದಾಲೋಚನೆ ಇದ್ದಿರಬೇಕು.

ಡಾಕ್ಟರು ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿದರು. ಬಿಚ್ಚುವವರೆಗೂ ಆ ಕಾಲು ನೆಲಕ್ಕೆ ತಾಗಕೂಡದು, ತಾಗಿದರೆ ಮೂಳೆ ವಕ್ರವಾಗಿ ಕೂಡಿ ಜೀವನವಿಡೀ ಕುಂಟಬೇಕಾಗುತ್ತದೆ ಎಂದರು. ಮೈಯಲ್ಲಿ ರಕ್ತವೂ ಕಡಿಮೆಯಿದೆ, ದಿನಾ ಸೊಪ್ಪು ತಿನ್ನಿಸಿ ಎಂದೂ ಹೇಳಿ ಹೋದರು.

ಹೆಂಡತಿ ಮಲಗಿದ ಕಡೆಯಿಂದಲೇ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಅಡುಗೆ ಯಾರು ಮಾಡ್ತಾರೆ?"

"ನಾನೇ ಮಾಡ್ತೀನಿ," ಎಂದರು ಸಾಹೇಬರು.

"ನೀವು ಸ್ಟವ್ ಹಚ್ಚೋದನ್ನ ನಾನು ನೋಡೇ ಇಲ್ಲ. ನೋಡಿ, ಒಂದೇ ಮಾತು. ನಿಮ್ಮ ಕೈಲಿ ಆಗಲಿಲ್ಲ ಅಂತ ಗೊತ್ತಾದ ದಿನ ನಾನು ಎದ್ದು ಬರ್ತೀನಿ. ಕಾಲು ವಕ್ರ ಆದ್ರೆ ಆಗಲಿ."

ಆಕೆ ಹೇಳಿದರೆ ಹೇಳಿದ್ದೇ. ಸಾಹೇಬರಿಗೆ ಅದು ಚೆನ್ನಾಗಿ ಗೊತ್ತಿತ್ತು. ಹೀಗೆ ಒಂದು ಕಾಲಿನ ಭವಿಷ್ಯ ಒಂದು ಒಲೆಯ ಮೇಲೆ ನಿಂತಿತು.

ಇಲ್ಲಿ ಸಾಹೇಬರ ವಿಚಾರ ಎರಡು ಮಾತು ಹೇಳಬೇಕು. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ, ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿ ಬರುವುದು ಅವರ ಕೆಲಸ. ತಂದೆತಾಯಿ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದ ದಿನಗಳಲ್ಲಿ ಎಲ್ಲರಿಗೂ ಅವರು ತಕ್ಕಡಿ ಸಾಹೇಬರು. ಹಾಲಿಗೆ ನೀರು ಬೆರೆಸುವವರನ್ನೂ ತೂಕದ ಕಲ್ಲಿನ ತಳ ಕೊರೆಯುವವರನ್ನೂ ಹಿಡಿದು ಹಿಡಿದು ಅವರಿಗೆ ಒಂದು ನಂಬಿಕೆ ಗಟ್ಟಿಯಾಗಿತ್ತು: ಈ ಲೋಕದಲ್ಲಿ ಯಾವ ವಸ್ತುವೂ ತಾನಾಗಿ ಕಡಿಮೆಯಾಗುವುದಿಲ್ಲ, ಯಾರೋ ಕಡಿಮೆ ಮಾಡಿರುತ್ತಾರೆ. ಅಡುಗೆಮನೆಗೆ ಅವರು ಹೋಗುತ್ತಿದ್ದುದು ನೀರು ಕುಡಿಯಲು ಮಾತ್ರ, ಅದೂ ಲೋಟ ಎಲ್ಲಿದೆ ಎಂದು ಕೂಗಿ ಕೇಳಿಕೊಂಡು.

ಮಾರನೆಯ ದಿನ ಅವರು ಒಂದು ಬುಟ್ಟಿ ಪಾಲಕ್ ತಂದರು. ಇಲಾಖೆಯ ಚೀಲದಲ್ಲಿ ಪರೀಕ್ಷೆಯ ತಕ್ಕಡಿ ಯಾವಾಗಲೂ ಇರುತ್ತಿದ್ದುದರಿಂದ ತೂಗಿ ನೋಡಿದರು. ಅಂಗಡಿಯವನು ಮೋಸ ಮಾಡಿರಲಿಲ್ಲ. ಒಂದೊಂದೇ ಎಲೆಯನ್ನು ಎರಡೂ ಮಗ್ಗುಲು ತಿರುಗಿಸಿ ತೊಳೆದರು. ಮನೆಯ ಅತಿ ದೊಡ್ಡ ಪಾತ್ರೆಗೆ ತುಂಬಿದರು. ಎಲೆಗಳು ಅಂಚು ಮೀರಿ ಗೋಪುರದ ಹಾಗೆ ನಿಂತವು. ಆ ಗೋಪುರವನ್ನು ನೋಡಿ, ಅದಕ್ಕೆ ಒಪ್ಪುವ ಹಾಗೆ ಉಪ್ಪು ಹಾಕಿದರು: ಒಂದು ಹಿಡಿ, ಮತ್ತೊಂದು ಹಿಡಿ, ಅನುಮಾನಕ್ಕೆ ಇನ್ನೊಂದು ಹಿಡಿ. ಮೇಲೆ ಮುಚ್ಚಳ ಒತ್ತಿ ಇಟ್ಟರು. ಮುಚ್ಚಳ ಎದ್ದು ನಿಂತಿತು. ಅದರ ಮೇಲೆ ಸರ್ಕಾರದ ಮಾದರಿ ತೂಕದ ಕಲ್ಲನ್ನು ಇಟ್ಟರು. ಒಲೆ ಹಚ್ಚಿದರು. ಹೆಂಡತಿಗೆ ಮಾತ್ರೆ ಕೊಟ್ಟು, ದಿಂಬು ಸರಿ ಮಾಡಿ, ಅಡುಗೆ ಬಹಳ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳಿ ವಾಪಸು ಬಂದರು.

ಮುಚ್ಚಳ ತೆಗೆದವರು ಹಾಗೇ ನಿಂತುಬಿಟ್ಟರು. ಗೋಪುರ ಇರಲಿಲ್ಲ. ಪಾತ್ರೆಯ ತಳದಲ್ಲಿ, ಹಸಿರು ನೀರಿನ ನಡುವೆ, ಮುಷ್ಟಿಯಷ್ಟು ಏನೋ ಮುದುಡಿಕೊಂಡು ಬಿದ್ದಿತ್ತು.

ಸಾಹೇಬರು ಮೊದಲು ಪಾತ್ರೆಯ ಕೆಳಗೆ ನೋಡಿದರು. ಆಮೇಲೆ ಸ್ಟವ್ವಿನ ಹಿಂದೆ ನೋಡಿದರು. ಹಿಂಬಾಗಿಲು ತೆರೆದೇ ಇತ್ತು. ಅದರಾಚೆ ಮೂರು ಮಹಡಿಗಳಿಗೂ ಸೇರಿದ ಮೆಟ್ಟಿಲು. ತಾನು ಮಾತ್ರೆ ಕೊಡುವಷ್ಟರಲ್ಲಿ ಯಾರೋ ಬಂದು ಸೊಪ್ಪು ಎತ್ತಿಕೊಂಡು ಹೋಗಿದ್ದಾರೆ.

ಆದರೆ ನೀರು ಎಲ್ಲಿಂದ ಬಂತು? ಅವರು ಒಂದು ಹನಿ ನೀರನ್ನೂ ಹಾಕಿರಲಿಲ್ಲ. ಪಾತ್ರೆಯನ್ನು ಇಳಿಸಿ, ಪಾತ್ರೆಯ ತೂಕ ಕಳೆದು, ಉಳಿದದ್ದನ್ನು ತೂಗಿದರು. ಹಾಕಿದ ತೂಕ ಹಾಗೇ ಇತ್ತು. ಎಲ್ಲೋ ಕೂದಲೆಳೆಯಷ್ಟು ಕಡಿಮೆ. ಇದು ಹಸಿದವನ ಕಳ್ಳತನವಲ್ಲ. ಸೊಪ್ಪು ತೆಗೆದು, ತೆಗೆದಷ್ಟೇ ತೂಕದ ನೀರು ಸುರಿದು, ಸರ್ಕಾರದ ಕಲ್ಲನ್ನು ಮತ್ತೆ ಮುಚ್ಚಳದ ಮೇಲೆ ಇಟ್ಟು ಹೋದ ಕಳ್ಳ ಇವನು. ಇಂಥ ಕೈಚಳಕವನ್ನು ಅವರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಕೋಪದ ಜೊತೆಗೆ ಸ್ವಲ್ಪ ಗೌರವವೂ ಹುಟ್ಟಿತು.

ಹೆಂಡತಿಗೆ ಹೇಳುವಂತಿಲ್ಲ. ಹೇಳಿದರೆ ಎದ್ದೇ ಬರುತ್ತಾರೆ. ಸಾಹೇಬರು ಹಸಿರು ನೀರನ್ನು ಸಾಕ್ಷಿಗೆಂದು ಬಾಟಲಿಗೆ ಬಸಿದು, ಬಿರಟೆ ಹಾಕಿ, ಸೀಸದ ಮುದ್ರೆ ಒತ್ತಿ ಕಿಟಕಿಯಲ್ಲಿಟ್ಟರು. ಮುಷ್ಟಿ ಸೊಪ್ಪನ್ನು ಒಂದು ಬಟ್ಟಲಿಗೆ ಹಾಕಿ ಕೊಂಡೊಯ್ದರು.

ಹೆಂಡತಿ ಬಟ್ಟಲು ನೋಡಿ, "ಇಷ್ಟೇನಾ?" ಎಂದರು.

"ಪಥ್ಯ," ಎಂದರು ಸಾಹೇಬರು.

ಆಕೆ ಒಂದು ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ಅಷ್ಟನ್ನೂ ತಿಂದು, ಪಕ್ಕದಲ್ಲಿದ್ದ ಹೂಜಿಯ ನೀರನ್ನು ತಳ ಕಾಣುವವರೆಗೆ ಕುಡಿದರು. ಮೂಳೆ ಕೂಡುವಾಗ ಬಾಯಾರಿಕೆ ಜಾಸ್ತಿ ಇರಬೇಕು ಎಂದುಕೊಂಡು ಸಾಹೇಬರು ಹೂಜಿ ತುಂಬಿಸಿಟ್ಟರು.

ಎದುರು ಮನೆಯಲ್ಲಿ ರೈಲ್ವೆಯ ನಿವೃತ್ತ ಗಾರ್ಡು ಒಬ್ಬರಿದ್ದರು. ಎಲ್ಲರಿಗೂ ಅವರು ಗಾರ್ಡ್ ತಾತ. ಆಯುಷ್ಯವೆಲ್ಲ ಗಾಡಿಯ ಕೊನೆಯ ಡಬ್ಬಿಯಲ್ಲಿ, ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಕಳೆದವರು. ಅಡುಗೆ ಎನ್ನುವುದು ಅವರ ಮಟ್ಟಿಗೆ ಒಂದು ಕಿಟಕಿಯಿಂದ ತಟ್ಟೆಯಲ್ಲಿ ಹೊರಬರುವ ವಸ್ತು. ಸಾಹೇಬರು ಅವರನ್ನು ಅಡುಗೆಮನೆಗೆ ಕರೆದು ಗುಟ್ಟಾಗಿ ವಿಷಯ ಹೇಳಿದಾಗ ತಾತ ಮೀಸೆ ನೀವಿಕೊಂಡು, ಗಾಡಿಯಲ್ಲಿ ಒಮ್ಮೆ ಇಡೀ ಮಾವಿನಹಣ್ಣಿನ ಬುಟ್ಟಿ ಹೀಗೇ ಮಾಯವಾಗಿತ್ತು, ಆಮೇಲೆ ಅದು ತಮ್ಮ ಡಬ್ಬಿಯಲ್ಲೇ ಸಿಕ್ಕಿತು ಎಂದು ಒಂದು ಪ್ರಸಂಗ ಹೇಳಿದರು. ನಾಳೆ ಕಾವಲಿಗೆ ತಾವೇ ನಿಲ್ಲುವುದಾಗಿ ಮಾತು ಕೊಟ್ಟರು.

ಮಾತಿನಂತೆ ನಿಂತರು. ಹಳೆಯ ಕೋಟು ಹಾಕಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಕೆಂಪು ಬಾವುಟ. ಸಾಹೇಬರು ಈ ಸಲ ಎರಡು ಬುಟ್ಟಿ ದಂಟಿನ ಸೊಪ್ಪು ತಂದು, ಕಿಟಕಿ ಹಾಕಿ, ಬಾಗಿಲ ಚಿಲಕ ಹಾಕಿ, ಒಳಗೆ ತಾವು ನಿಂತರು, ಹೊರಗೆ ತಾತ. ಮುಚ್ಚಳ ತೆಗೆದರೆ ಅದೇ ಕಥೆ. ಮುಷ್ಟಿ ಸೊಪ್ಪು, ಹಸಿರು ನೀರು, ಸರಿಯಾದ ತೂಕ.

"ನನ್ನ ಬಾವುಟ ದಾಟಿ ನೊಣವೂ ಹೋಗಿಲ್ಲ," ಎಂದರು ತಾತ. ಜೀವಮಾನದಲ್ಲಿ ಮೊದಲ ಸಲ ಅವರ ಬಾವುಟಕ್ಕೆ ಅವಮಾನವಾಗಿತ್ತು.

ಮೇಲಿನ ಮಹಡಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿದ್ದರು. ಮೆಟ್ಟಿಲಲ್ಲಿ ಹತ್ತಿ ಇಳಿಯುವವರೆಲ್ಲ ವಿಚಾರಣೆಗೆ ಒಳಪಡಬೇಕೆಂದು ತೀರ್ಮಾನವಾಗಿದ್ದರಿಂದ ಸಾಹೇಬರು ಅವರನ್ನೇ ಮೊದಲು ತಡೆದರು. ಆಕೆಯ ರವಿಕೆಯ ತೋಳಿಗೆ ಒಂದು ಹಸಿರು ದಾರ ಅಂಟಿಕೊಂಡಿತ್ತು. ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ದಾರವೇ ಎಂದು ಖಚಿತವಾದ ಮೇಲೆ ವಾಪಸು ಕೊಟ್ಟರು. ಪಾತ್ರೆಯ ತುಂಬ ಹಾಕಿದ ಸೊಪ್ಪು ಮುಷ್ಟಿಯಷ್ಟಾಗಿರುವ ವಿಷಯದಲ್ಲಿ ಆಕೆಗೆ ಏನಾದರೂ ಗೊತ್ತೇ ಎಂದು ಕೇಳಿದರು.

"ಅಯ್ಯೋ ಸಾಹೇಬ್ರೇ, ಸೊಪ್ಪು ಅಂದ್ಮೇಲೆ..."

"ಅಮ್ಮ, ತನಿಖೆ ನಡೀತಾ ಇದೆ. ಕೇಳಿದ್ದಕ್ಕೆ ಗೊತ್ತು, ಗೊತ್ತಿಲ್ಲ, ಇಷ್ಟೇ ಹೇಳಿ."

"ಗೊತ್ತು. ಅದು ಒಲೆ ಮೇಲೆ..."

"ಒಲೆ ಮೇಲೆ ಇತ್ತು ಅಂತ ನನಗೂ ಗೊತ್ತಮ್ಮ. ಬೇಯಿಸುವಾಗ ನೀವೆಲ್ಲಿದ್ರಿ?"

ಆಕೆ ಬಾಯಿ ತೆರೆದರು, ಸಾಹೇಬರ ಮುಖ ನೋಡಿ ಮತ್ತೆ ಮುಚ್ಚಿದರು. ಕ್ಷೌರ ಮಾಡಿಕೊಳ್ಳದ ಗಲ್ಲ, ಹಿಟ್ಟು ಮೆತ್ತಿದ ಷರಟು, ಎಡಗೈಯ ಬೆರಳಿಗೆ ಬಟ್ಟೆಯ ಪಟ್ಟಿ. ಹೆಂಡತಿ ಬಿದ್ದ ದುಃಖಕ್ಕೆ ಪಾಪ ಈ ಮನುಷ್ಯನ ತಲೆ ಕೆಟ್ಟಿದೆ ಎಂದು ಆಕೆಗೆ ಅನ್ನಿಸಿತು. ಹಾಗಾದರೆ ಒಳಗೆ ಮಲಗಿರುವ ಆ ತಾಯಿ ಏನು ತಿನ್ನುತ್ತಿದ್ದಾಳೆ ಎಂಬ ಯೋಚನೆ ಅದರ ಬೆನ್ನಿಗೇ ಬಂತು. ಮಾತು ಬೆಳೆಸದೆ ಮೇಲೆ ಹೋದರು.

ಮಾರನೆಯ ದಿನ ಸಾಹೇಬರು ಅಡುಗೆಮನೆಯ ಕಿಟಕಿ ತೆರೆದರೆ ಹೊರಗಿನ ಕಟ್ಟೆಯ ಮೇಲೆ ಮುಚ್ಚಿದ ಬಟ್ಟಲೊಂದು ಕೂತಿತ್ತು. ಒಳಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಹುರಿದ ಪಾಲಕ್, ಮೇಲೆ ನಿಂಬೆಹಣ್ಣಿನ ಒಂದು ಹೋಳು. ಇನ್ನೂ ಬಿಸಿಯಿತ್ತು.

ಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತು ಗಾರ್ಡ್ ತಾತನನ್ನು ಕರೆದರು. ಇಬ್ಬರೂ ಬಟ್ಟಲಿನ ಸುತ್ತ ತಲೆ ತಾಗಿಸಿ ಪರಿಶೀಲಿಸಿದರು.

"ಕದ್ದ ಮಾಲು ವಾಪಸ್ ಬಂದಿದೆ," ಎಂದರು ಸಾಹೇಬರು.

"ಅದೂ ಒಗ್ಗರಣೆ ಸಮೇತ," ಎಂದರು ತಾತ.

ಕಳ್ಳನಿಗೆ ಪಶ್ಚಾತ್ತಾಪವಾಗಿದೆ ಎಂದು ತಾತನ ವಾದ. ಇದು ಗೇಲಿ ಎಂದು ಸಾಹೇಬರ ವಾದ. ಏನೇ ಇರಲಿ, ವಸ್ತು ತಮ್ಮದೇ ಆದ್ದರಿಂದ ತಿನ್ನಲು ಅಡ್ಡಿಯಿಲ್ಲ ಎಂದು ಇಬ್ಬರೂ ಒಪ್ಪಿದರು. ಹೆಂಡತಿ ಆ ದಿನ ತಟ್ಟೆ ಬೆರಳಲ್ಲಿ ಬಳಿದು ತಿಂದರು. ಹೂಜಿಯಲ್ಲಿ ನೀರು ಹಾಗೇ ಉಳಿಯಿತು.

"ನೀವೇ ಮಾಡಿದ್ರಾ?"

"ನಮ್ಮ ಸೊಪ್ಪೇ," ಎಂದರು ಸಾಹೇಬರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಹೊಲಿಗೆಯ ಹೆಂಗಸು ಸುಮ್ಮನಿರಲಿಲ್ಲ. ಅಳತೆ ಕೊಡಲು ಬಂದವರಿಗೆಲ್ಲ ಕೆಳಗಿನ ಮನೆಯ ಕಷ್ಟ ಹೇಳಿದರು. ಆಮೇಲಿನ ದಿನಗಳಲ್ಲಿ ಆ ಕಟ್ಟೆಯ ಮೇಲೆ ಒಂದೊಂದು ಮನೆಯಿಂದ ಒಂದೊಂದು ಬಂದು ಕೂತಿತು. ಮೆಂತ್ಯದ ಸೊಪ್ಪನ್ನು ಆಲೂಗಡ್ಡೆಯ ಜೊತೆ ನೀರಾರುವವರೆಗೆ ಬಾಡಿಸಿ ಮಾಡಿದ ಪಲ್ಯ, ಕಹಿ ಬೇಕಾದಷ್ಟೇ ಉಳಿಸಿಕೊಂಡದ್ದು. ಸಬ್ಬಸಿಗೆ ಹೆಚ್ಚಿ ಹಿಟ್ಟಿಗೆ ಕಲಸಿ ತಟ್ಟಿದ ರೊಟ್ಟಿ. ದಂಟನ್ನು ಬೇಳೆಯಲ್ಲಿ ಕರಗಿಸಿ ಬೇಯಿಸಿದ್ದು. ಮೂಲಂಗಿಯ ಎಲೆಯನ್ನು ಯಾರೂ ಬಿಸಾಡಬಾರದೆಂದು ಮೊಸರಿನಲ್ಲಿ ಕಲಸಿದ್ದು. ಮೊಟ್ಟೆಯ ಜೊತೆ ಕೆದಕಿದ ನುಗ್ಗೆ ಸೊಪ್ಪು. ಕಾಳುಮೆಣಸು ಹಾಕಿದ ತಿಳಿ ಸೂಪು, ಅದರ ಜೊತೆ ಒಂದು ಚಮಚವೂ.

ಸಾಹೇಬರ ಮನಸ್ಸು ಎರಡು ತಟ್ಟೆಯ ತಕ್ಕಡಿಯಾಯಿತು. ಹೆಂಡತಿಯ ಕೆನ್ನೆಗೆ ಬಣ್ಣ ಬರುತ್ತಿತ್ತು. ಕಳ್ಳನನ್ನು ಹಿಡಿದರೆ ಈ ಬಟ್ಟಲುಗಳು ನಿಂತುಹೋಗುತ್ತವೆ. ಹಿಡಿಯದಿದ್ದರೆ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಕಳ್ಳಮಾಲಿನಿಂದ ಸಂಸಾರ ನಡೆಸಿದ ಹಾಗೆ. ಅವರು ಮಾತ್ರ ಆ ಸೊಪ್ಪನ್ನು ಬಾಯಿಗಿಡಲಿಲ್ಲ. ತಾವು ಬೇಯಿಸಿದ ಮುಷ್ಟಿಗಳನ್ನೂ ಮುಟ್ಟಲಿಲ್ಲ, ಅವು ಸಾಕ್ಷಿ. ಬ್ರೆಡ್ಡು ಬಾಳೆಹಣ್ಣು ತಿಂದುಕೊಂಡು, ದಿನಾ ತಪ್ಪದೆ ಎರಡು ಬುಟ್ಟಿ ಸೊಪ್ಪು ಕಳೆದುಕೊಂಡು, ಹೆಂಡತಿಯನ್ನು ಆಫೀಸಿನಿಂದ ತಂದ ಚಕ್ರದ ಕುರ್ಚಿಯಲ್ಲಿ ಕೂರಿಸಿ ಬಚ್ಚಲಿಗೂ ಕಿಟಕಿಯ ಬಿಸಿಲಿಗೂ ತಳ್ಳಿಕೊಂಡು ಹೋಗಿ ಬರುತ್ತಿದ್ದರು. ಆ ಕಾಲು ಒಮ್ಮೆಯೂ ನೆಲಕ್ಕೆ ತಾಗಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಮುದ್ರೆ ಒತ್ತಿದ ಹಸಿರು ಬಾಟಲಿಗಳು ಸಾಲುಗಟ್ಟಿದವು, ಮೊದಲನೆಯದು ಈಗಾಗಲೇ ಗುಳುಗುಳು ಎನ್ನುತ್ತಿತ್ತು.

ಹೆಂಡತಿಯ ತಮ್ಮ ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ಅಕ್ಕನನ್ನು ನೋಡಲು ಬಂದವನು ಬಾಟಲಿಗಳನ್ನು ನೋಡಿ ಭಾವನ ಕಡೆ ತಿರುಗಿದ. ಸಾಹೇಬರು ಅವನನ್ನು ಮೂಲೆಗೆ ಎಳೆದು ಎಲ್ಲವನ್ನೂ ಹೇಳಿದರು. ಅವನಿಗೂ ಮೆಸ್ಸಿನ ಊಟವೇ. ಬೇಯುವ ಮುಂಚೆ ಸೊಪ್ಪು ಹೇಗಿರುತ್ತದೆಂದು ಅವನು ನೋಡಿದ್ದು ಮಾರುಕಟ್ಟೆಯ ಗಲಾಟೆ ಬಿಡಿಸಲು ಹೋದಾಗ ಮಾತ್ರ.

"ಭಾವ, ತೂಕ ಸರಿಯಾಗಿ ಕೂರೋ ಹಾಗೆ ನೀರು ಹಾಕೋ ಕೈ ಈ ಊರಲ್ಲಿ ಯಾರಿಗಿದೆ?"

ಸಾಹೇಬರು ಯೋಚಿಸಿದರು. ಯೋಚಿಸುತ್ತ ಅವರ ಮುಖ ಕಪ್ಪಿಟ್ಟಿತು.

"ಇಬ್ಬರಿಗೆ. ಒಬ್ಬ ನಾನು."

"ಇನ್ನೊಬ್ಬರು?"

"ನಮ್ಮ ದೊಡ್ಡ ಸಾಹೇಬರು," ಎಂದು ಅವರು ಗೋಡೆಯ ಕಡೆ ನೋಡಿಕೊಂಡು ಹೇಳಿದರು.

ದೊಡ್ಡ ಸಾಹೇಬರೆಂದರೆ ಇಲಾಖೆಯ ಮುಖ್ಯಸ್ಥರು. ಅಂಗೈಯಲ್ಲಿ ಚಿನ್ನ ಇಟ್ಟರೆ ಕಣ್ಣು ಮುಚ್ಚಿಕೊಂಡು ತೂಕ ಹೇಳುತ್ತಾರೆಂದು ಖ್ಯಾತಿ. ಭಾವಮೈದನ ಉಪಾಯದಂತೆ ಅವರನ್ನು ತಜ್ಞರೆಂದು ಮನೆಗೆ ಆಹ್ವಾನಿಸಲಾಯಿತು. ಸರ್ಕಾರದ ಮಾದರಿ ಕಲ್ಲಿನ ಅಡಿಯಿಂದಲೇ ಮಾಲು ಹೋಗಿದೆ ಎಂದು ಕೇಳಿ ಅವರ ರಕ್ತ ಕುದಿಯಿತು. ಆಫೀಸು ಬಿಟ್ಟ ತಕ್ಷಣ, ಚರ್ಮದ ಚೀಲ ಹೆಗಲಿಗೇರಿಸಿ, ತಮ್ಮದೇ ಮುದ್ರೆಯ ಇಕ್ಕಳ ಹಿಡಿದು ಬಂದರು.

ಆ ಸಂಜೆ ಆ ಪುಟ್ಟ ಅಡುಗೆಮನೆಯಲ್ಲಿ ನಾಲ್ವರು ದೊಡ್ಡ ಗಂಡಸರು ಮೊಣಕೈಗೆ ಮೊಣಕೈ ತಾಗಿಸಿ ನಿಂತರು. ಪಕ್ಕದ ಕೋಣೆಯಲ್ಲಿ ರೋಗಿ ಮಲಗಿರುವುದರಿಂದ ಎಲ್ಲರೂ ಪಿಸುಮಾತಿನಲ್ಲೇ ಮಾತಾಡಬೇಕೆಂದು ಆಜ್ಞೆಯಾಗಿತ್ತು. ಪಾಲಕ್ ತೂಗಲಾಯಿತು. ದೊಡ್ಡ ಸಾಹೇಬರೂ ಅಂಗೈಯಲ್ಲಿ ಹಿಡಿದು ತೂಗಿ ತಲೆಯಾಡಿಸಿದರು. ಪಾತ್ರೆಗೆ ತುಂಬಿ, ಮುಚ್ಚಳ ಅದುಮಿ, ಹಿಡಿಗಳಿಗೆ ತಂತಿ ಸುತ್ತಿ, ದೊಡ್ಡ ಸಾಹೇಬರು ತಮ್ಮ ಕೈಯಾರೆ ಸೀಸದ ಮುದ್ರೆ ಒತ್ತಿದರು. ಒಲೆ ಹಚ್ಚಿ ಎಲ್ಲರೂ ಪಾತ್ರೆಯನ್ನು ದಿಟ್ಟಿಸುತ್ತ ನಿಂತರು. ಯಾರೂ ಕಣ್ಣು ಮಿಟುಕಿಸಬಾರದೆಂದು ಹೆಡ್ ಕಾನ್‌ಸ್ಟೇಬಲ್ ಹೇಳಿದ್ದ. ಅದಕ್ಕಾಗಿ ಸರದಿಯ ಮೇಲೆ ಮಿಟುಕಿಸಿದರು.

ಸ್ವಲ್ಪ ಹೊತ್ತಿಗೆ ಮುಚ್ಚಳದ ಸಂದಿನಿಂದ ಹಬೆ ಸಿಳ್ಳೆ ಹಾಕಿತು. ಗಾರ್ಡ್ ತಾತ ಅಭ್ಯಾಸಬಲದಿಂದ ಸೀಟಿ ಬಾಯಿಗಿಟ್ಟು ಜೋರಾಗಿ ಊದಿ ಹಸಿರು ಬಾವುಟಕ್ಕಾಗಿ ಜೇಬು ತಡಕಿದರು.

"ಏನ್ರೀ ಅದು?" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು.

"ರೇಡಿಯೋ!" ಎಂದು ಸಾಹೇಬರು ಕೂಗಿ ಹೇಳಿದರು. ಆ ಮನೆಯಲ್ಲಿ ರೇಡಿಯೋ ಇರಲಿಲ್ಲ.

ಒಲೆ ಆರಿಸಿದರು. ಮುದ್ರೆ ಪರೀಕ್ಷಿಸಿದರು. ಒಂದು ಗೀರೂ ಇರಲಿಲ್ಲ. ತಂತಿ ಕತ್ತರಿಸಿ ಮುಚ್ಚಳ ತೆಗೆದರು. ತಳದಲ್ಲಿ ಮುಷ್ಟಿ ಸೊಪ್ಪು, ಸುತ್ತ ಹಸಿರು ನೀರು.

ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಲಾಖೆ ಹುಟ್ಟಿದಾಗಿನಿಂದ ಹೀಗಾಗಿಲ್ಲ ಎಂದು ಪಿಸುಗುಟ್ಟಿದರು. ಹೆಡ್ ಕಾನ್‌ಸ್ಟೇಬಲ್ ಮಾತ್ರ ಗಂಟಲು ಸರಿ ಮಾಡಿಕೊಂಡ. ಅವನ ತರ್ಕ ನೇರವಾಗಿತ್ತು. ಮುದ್ರೆ ಒಡೆದಿಲ್ಲ, ಅಂದರೆ ಒಡೆದು ಮತ್ತೆ ಒತ್ತಲಾಗಿದೆ. ಮತ್ತೆ ಒತ್ತಲು ಇಕ್ಕಳ ಬೇಕು. ಇಕ್ಕಳ ಯಾರ ಕೈಯಲ್ಲಿದೆ?

ಎಲ್ಲರೂ ದೊಡ್ಡ ಸಾಹೇಬರ ಕೈ ನೋಡಿದರು. ದೊಡ್ಡ ಸಾಹೇಬರೂ ನೋಡಿಕೊಂಡರು.

"ಸಾರ್, ಆ ಚೀಲ ಸ್ವಲ್ಪ ಕೊಡಿ."

ಚೀಲದ ಬಾಯಿ ಬಿಚ್ಚಿದರೆ ಕಡತಗಳ ನಡುವೆ ಎರಡು ಕಟ್ಟು ಸಬ್ಬಸಿಗೆ ಸೊಪ್ಪು ತಲೆ ಹಾಕಿ ನೋಡಿತು.

"ಅದು ನಮ್ಮ ಮನೆಯವಳು ತರೋಕೆ ಹೇಳಿದ್ದು ಕಣಯ್ಯಾ."

"ಕಳುವಾದದ್ದು ಪಾಲಕ್," ಎಂದು ಗಾರ್ಡ್ ತಾತ ನ್ಯಾಯದ ಮಾತು ಹೇಳಿದರು.

"ವೇಷ ಮರೆಸಿರ್ತಾರೆ ತಾತ," ಎಂದ ಹೆಡ್ ಕಾನ್‌ಸ್ಟೇಬಲ್. "ಸಾರ್, ಸ್ಟೇಷನ್ನಿಗೆ ನಡೀರಿ."

ಅಲ್ಲಿಂದ ಪಿಸುಮಾತು ನಿಂತಿತು. ದೊಡ್ಡ ಸಾಹೇಬರು ತಮ್ಮ ನೌಕರಿಯ ಇತಿಹಾಸವನ್ನು ಮೊದಲಿನಿಂದ ಹೇಳತೊಡಗಿದರು. ಹೆಡ್ ಕಾನ್‌ಸ್ಟೇಬಲ್ ಅವರ ಒಂದು ತೋಳು ಹಿಡಿದ. ಮೇಲಧಿಕಾರಿಗೆ ಅಗೌರವವಾಗಬಾರದೆಂದು ಸಾಹೇಬರು ಇನ್ನೊಂದು ತೋಳು ಹಿಡಿದರು. ಗಾರ್ಡ್ ತಾತ ಕೆಂಪು ಬಾವುಟ ಬೀಸುತ್ತ ಎಲ್ಲರನ್ನೂ ನಿಲ್ಲಿಸಲು ನೋಡಿ ಬಾಟಲಿಗಳ ಸಾಲಿಗೆ ಮೊಣಕೈ ತಗುಲಿಸಿದರು. ಹಳೆಯ ಸಾಕ್ಷಿಯ ಬಿರಟೆ ತೋಪಿನ ಗುಂಡಿನಂತೆ ಹಾರಿ ಸೂರಿಗೆ ಬಡಿಯಿತು. ಅದರ ಹಿಂದೆಯೇ ಬಂದ ವಾಸನೆಗೆ ಎಲ್ಲರೂ ಬಾಯಿ ಮೂಗು ಮುಚ್ಚಿಕೊಂಡರು.

ಆಗ ಪಕ್ಕದ ಕೋಣೆಯಿಂದ ಮಂಚ ಕಿರುಗುಟ್ಟಿದ ಸದ್ದು ಕೇಳಿಸಿತು.

ಸಾಹೇಬರಿಗೆ ದೊಡ್ಡ ಸಾಹೇಬರೂ ನೆನಪಿಗೆ ಬರಲಿಲ್ಲ, ಕಳ್ಳನೂ ಬರಲಿಲ್ಲ. ತೋಳು ಬಿಟ್ಟು ಓಡಿದರು. ಬಾಗಿಲಲ್ಲಿ ನೋಡಿದರೆ ಹೆಂಡತಿ ಮಂಚದ ಅಂಚಿಗೆ ಬಂದು ಕೂತಿದ್ದಾರೆ, ಪ್ಲಾಸ್ಟರಿನ ಕಾಲು ಕೆಳಗಿಳಿಯುತ್ತಿದೆ, ನೆಲಕ್ಕೂ ಹಿಮ್ಮಡಿಗೂ ಒಂದು ಗೇಣಿಲ್ಲ. ಬೇಡ ಎಂದು ಹೇಳುವಷ್ಟು ಸಮಯವಿರಲಿಲ್ಲ. ತಕ್ಕಡಿ ಸಾಹೇಬರು ಆ ವಯಸ್ಸಿನಲ್ಲಿ, ಆ ಹೊಟ್ಟೆಯಲ್ಲಿ, ಬಾಗಿಲಿನಿಂದ ಮಂಚದವರೆಗೆ ನೆಲದ ಮೇಲೆ ಅಂಗಾತ ಜಾರಿಕೊಂಡು ಹೋದರು. ಕಾಲು ಬಂದು ಅವರ ಹೊಟ್ಟೆಯ ಮೇಲೆ ಕೂತಿತು.

"ನೆಲಕ್ಕೆ ತಾಗಿಲ್ಲ," ಎಂದರು ಅವರು, ಉಸಿರು ಬಂದ ಮೇಲೆ.

ಹೆಂಡತಿ ಕಾಲನ್ನು ಅಲ್ಲೇ ಬಿಟ್ಟು ಗಂಡನ ಮುಖವನ್ನೇ ನೋಡಿದರು. ಬಾಗಿಲಲ್ಲಿ ಮೂರು ತಲೆಗಳು ಮೂಡಿದ್ದವು. ಗಲಾಟೆಗೆ ಮಹಡಿಯಿಂದ ಇಳಿದು ಬಂದಿದ್ದ ಹೊಲಿಗೆಯ ಹೆಂಗಸಿನದು ನಾಲ್ಕನೆಯದು.

"ಆ ಸಾರ್ ಅವರನ್ನ ಬಿಡೋ," ಎಂದರು ಹೆಂಡತಿ ತಮ್ಮನಿಗೆ. "ಯಾರೂ ಏನೂ ಕದ್ದಿಲ್ಲ. ಸೊಪ್ಪು ಬೇಯಿಸಿದ್ರೆ ಕುಗ್ಗುತ್ತೆ. ಆ ನೀರು ಸೊಪ್ಪಿನೊಳಗಿಂದೇ ಬಂದಿದ್ದು."

ಹೆಡ್ ಕಾನ್‌ಸ್ಟೇಬಲ್ ದೊಡ್ಡ ಸಾಹೇಬರ ತೋಳು ಬಿಟ್ಟ.

"ಅಂದ್ರೆ," ಎಂದರು ದೊಡ್ಡ ಸಾಹೇಬರು ನಿಧಾನವಾಗಿ, "ಇದು ಎಲ್ಲರ ಮನೇಲೂ ನಡೀತಿದ್ಯಾ?"

"ದಿನಾ ನಡೀತಿದೆ."

"ಇದುವರೆಗೆ ಒಂದು ದೂರೂ ಬಂದಿಲ್ಲವಲ್ಲ ಅಕ್ಕ," ಎಂದ ಹೆಡ್ ಕಾನ್‌ಸ್ಟೇಬಲ್.

"ನಾನು ಹೇಳೋಕೆ ಬಂದೆ," ಎಂದರು ಹೊಲಿಗೆಯ ಹೆಂಗಸು. "ತನಿಖೆ ನಡೀತಿದೆ ಅಂದ್ರು."

ನೆಲದ ಮೇಲಿದ್ದ ಸಾಹೇಬರು ಸೂರು ನೋಡುತ್ತಿದ್ದರು. ಕಟ್ಟೆಯ ಮೇಲಿನ ಬಟ್ಟಲುಗಳು ಒಂದೊಂದಾಗಿ ಅವರ ಕಣ್ಣ ಮುಂದೆ ಬಂದು, ಈಗ ಬೇರೆಯದೇ ಆಗಿ ಕಾಣುತ್ತಿದ್ದವು. ಅವರ ಕಿವಿ ಕೆಂಪಾಯಿತು.

"ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲ ದಿನವೇ. ಪಕ್ಕದ ಕೋಣೇಲಿ ನೀವು ಪಿಸುಗುಟ್ಟಿದ್ದು ಬೀದಿಗೂ ಕೇಳ್ತಿತ್ತು. ಆಮೇಲೆ ಬೆಳ್ಳುಳ್ಳಿ ವಾಸನೆ ಬಂದಾಗ ಇದು ಮೇಲಿನ ಮನೆಯ ಕೈ ಅಂತಾನೂ ಗೊತ್ತಾಯ್ತು."

"ನನ್ನ ಕೈಲಿ ಆಗಲ್ಲ ಅಂತ ಗೊತ್ತಾದ್ರೆ ಎದ್ದು ಬರ್ತೀನಿ ಅಂದಿದ್ದೆ. ಬರಲಿಲ್ಲ ಯಾಕೆ?"

"ನಾನು ಏಳಬಾರದು ಅಂತ ನೀವು ಅಷ್ಟು ಪಾಡು ಪಡ್ತಿದ್ರಿ. ಎದ್ದು ಬರೋಕೆ ನಾಚಿಕೆ ಆಯ್ತು ಕಣ್ರೀ." ಆಮೇಲೆ ದನಿ ಬದಲಿಸಿ ಕೇಳಿದರು: "ದಿನಾ ತೂಗಿದ್ರಲ್ಲ, ತೂಕ ಹೇಗಿತ್ತು?"

"ಸರಿಯಾಗೇ ಇತ್ತು."

"ಮತ್ತೆ?"

ದೊಡ್ಡ ಸಾಹೇಬರು ಇಕ್ಕಳವನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

ಮುಂದಿನ ರಜೆಯ ದಿನ ಸಾಹೇಬರು ಎಲ್ಲರನ್ನೂ ಊಟಕ್ಕೆ ಕರೆದರು. ಕ್ಷಮೆ ಕೇಳುವುದು ಬಾಯಿಂದ ಆಗುವ ಕೆಲಸವಲ್ಲ, ಕೈಯಿಂದಲೇ ಆಗಬೇಕೆಂದು ಅವರಿಗೆ ಅನ್ನಿಸಿತ್ತು. ತೊಳೆದಿಟ್ಟಿದ್ದ ಬಟ್ಟಲುಗಳನ್ನೆಲ್ಲ ತಂದು, ಯಾರ ಬಟ್ಟಲು ಯಾರದೆಂದು ಹೊಲಿಗೆಯ ಹೆಂಗಸನ್ನು ಕೇಳಿ ತಿಳಿದುಕೊಂಡು, ಅಷ್ಟಕ್ಕೂ ಸಾಲುವ ಹಾಗೆ ಬುಟ್ಟಿಗಟ್ಟಲೆ ಸೊಪ್ಪು ತಂದರು. ಯಾರ ನೆರವನ್ನೂ ಒಪ್ಪಲಿಲ್ಲ. ಗೋಪುರ ಕುಗ್ಗುವುದನ್ನು ಈ ಸಲ ಮುಚ್ಚಳ ತೆಗೆದೇ ನೋಡುತ್ತ ನಿಂತರು, ಮಗು ಮಲಗುವುದನ್ನು ನೋಡುವ ಹಾಗೆ. ಹಸಿರು ನೀರನ್ನು ಬಿಸಾಡದೆ ಕಾಳುಮೆಣಸು ಹಾಕಿ ಸೂಪು ಮಾಡಿದರು. ಹೆಂಡತಿಯನ್ನು ಚಕ್ರದ ಕುರ್ಚಿಯಲ್ಲಿ ಮೇಜಿನ ತಲೆಗೆ ಕೂರಿಸಿ, ಕಾಲನ್ನು ಸ್ಟೂಲಿನ ಮೇಲಿಟ್ಟರು.

ದೊಡ್ಡ ಸಾಹೇಬರು ಮೊದಲ ತುತ್ತು ಬಾಯಿಗಿಟ್ಟು ಜಗಿಯುವುದನ್ನು ನಿಲ್ಲಿಸಿದರು. ಗಾರ್ಡ್ ತಾತನ ಕಣ್ಣಲ್ಲಿ ನೀರು ತುಂಬಿತು. ಸ್ಟೇಷನ್ನಿನ ಕ್ಯಾಂಟೀನ್ ನೆನಪಾಯಿತೆಂದು ಹೇಳಿ ಅವರು ಒಂದು ಲೋಟ ನೀರು ಕುಡಿದರು, ಆಮೇಲೆ ಪಕ್ಕದವರ ಲೋಟವನ್ನೂ ಕುಡಿದರು. ಹೆಡ್ ಕಾನ್‌ಸ್ಟೇಬಲ್ ಅಕ್ಕನ ಮುಖ ನೋಡಿದ. ಅಕ್ಕ ಕಣ್ಣಲ್ಲೇ ತಿನ್ನು ಎಂದರು. ತಿಂದ. ಹೊಲಿಗೆಯ ಹೆಂಗಸು, ಸೊಪ್ಪು ಬಹಳ ಎಳೆಯದು, ಒಳ್ಳೆ ಬಣ್ಣ ಬಂದಿದೆ ಎಂದು ಹೊಗಳಿದರು. ಹೆಂಡತಿ ಮಾತ್ರ ತಟ್ಟೆ ಖಾಲಿ ಮಾಡಿ, "ಮೊದಲ ದಿನದ ಹಾಗೇ ಇದೆ," ಎಂದರು.

ಸಾಹೇಬರು ಹಿಗ್ಗಿಹೋದರು. ಕಡೆಗೆ ತಾವೂ ಒಂದು ತಟ್ಟೆ ಬಡಿಸಿಕೊಂಡು ಕೂತರು. ತಾವು ಬೇಯಿಸಿದ ಸೊಪ್ಪನ್ನು ಅವರು ಬಾಯಿಗಿಟ್ಟದ್ದು ಅದೇ ಮೊದಲು. ಒಂದು ತುತ್ತು ತಿಂದರು. ಮೇಜಿನ ಸುತ್ತ ಕೂತವರನ್ನು, ಅವರ ಖಾಲಿ ತಟ್ಟೆಗಳನ್ನು, ಅವಕ್ಕಿಂತ ಖಾಲಿಯಾದ ನೀರಿನ ಹೂಜಿಯನ್ನು ಒಂದೊಂದಾಗಿ ನೋಡಿದರು. ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು.

"ಸೊಪ್ಪು ಕುಗ್ಗುತ್ತೆ ಅಂದೆಯಲ್ಲ," ಎಂದರು ಮೆಲ್ಲಗೆ, "ಉಪ್ಪೂ ಕುಗ್ಗುತ್ತೇನೋ ಅಂದ್ಕೊಂಡೆ."

ಮೊದಲು ನಕ್ಕದ್ದು ದೊಡ್ಡ ಸಾಹೇಬರು. ಆಮೇಲೆ ಯಾರು ಯಾರೆಂದು ಹೇಳುವುದು ಕಷ್ಟ. ಹೂಜಿ ಎರಡು ಸಲ ತುಂಬಿ ಖಾಲಿಯಾಯಿತು. ಹೊಲಿಗೆಯ ಹೆಂಗಸು ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಎದ್ದು ಹೋದರು.

ಸಾಹೇಬರು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಾಗ ಕಿಟಕಿಯ ಹೊರಗೆ ಬಳೆಗಳ ಸದ್ದಾಯಿತು. ಅವರು ಬೇಕೆಂದೇ ಬೆನ್ನು ತಿರುಗಿಸಿ ನಲ್ಲಿ ಬಿಟ್ಟರು. ಆಮೇಲೆ ನೋಡಿದರೆ ಕಟ್ಟೆಯ ಮೇಲೆ ಮುಚ್ಚಿದ ದೊಡ್ಡ ಬಟ್ಟಲೊಂದು ಕೂತಿತ್ತು, ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಎರಡೂ ಕೈಯಲ್ಲಿ ಎತ್ತಿ ಒಳಗೆ ತಂದು ಮೇಜಿನ ನಡುವೆ ಇಟ್ಟರು. ಈ ಸಲ ತೂಗಲಿಲ್ಲ.